ಮುರಿದ ಮನೆಯ ತೊಟ್ಟಿಲು

ಸೋಮವಾರ ಬೆಳಗ್ಗೆ ಐರ್ಲೆಂಡಿನ ವಾಟರ್‌ಫರ್ಡ್ ಠಾಣೆಗೆ ದೂರು ಬಂತು. ಸಮುದಾಯ ಭವನದ ಗೋಡೆಯಲ್ಲಿದ್ದ ಎಚಿಂಗ್ ಕಾಣೆಯಾಗಿತ್ತು. ಅದು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ, ಹತ್ತೊಂಬತ್ತನೇ ಶತಮಾನದ ಚಿತ್ರ. ಹೊಸ ಬೀದಿಗಾಗಿ ಹಳೇ ಡಬ್ಲಿನ್‌ನ ಮನೆಗಳನ್ನು ಕೆಡವುತ್ತಿರುವ ನೋಟ. ದೂರುದಾರ ಭವನದ ಕಾರ್ಯದರ್ಶಿ ಬ್ರೆಂಡನ್.

"ಭಾನುವಾರ ಕೀ ಯಾರ ಹತ್ತಿರ ಇತ್ತು?" ಇನ್‌ಸ್ಪೆಕ್ಟರ್ ನೋರಾ ಫೀಲನ್ ಕೇಳಿದರು.

"ಗುರುದತ್ ಹತ್ತಿರ. ಹೆಂಡತಿಯ ಸೀಮಂತಕ್ಕೆ ಹಾಲ್ ತಗೊಂಡಿದ್ದ."

ಗುರುದತ್‌ನನ್ನು ಭವನಕ್ಕೆ ಕರೆಸಲಾಯಿತು. ಮೈಸೂರಿನ ಕಡೆಯ ಪೇದೆ ಜ್ಯೋತ್ಸ್ನಾಳನ್ನು ಕಂಡದ್ದೇ ಅವನು ಕನ್ನಡಕ್ಕೆ ತಿರುಗಿದ. "ನಾನು ಮುಟ್ಟಿಲ್ಲ ಮೇಡಂ. ಕಳ್ಳತನದ ಕೇಸ್ ಬಿದ್ರೆ ನನ್ನ ಸಿಟಿಜನ್‌ಶಿಪ್ ಅರ್ಜಿ ಅಲ್ಲಿಗೇ ಮುಗೀತು."

ಹನ್ನೊಂದೂವರೆಗೆ ಸ್ಥಳ ಪರಿಶೀಲನೆ. ಬೀಗ, ಕಿಟಕಿ ಒಡೆದಿರಲಿಲ್ಲ. ಗೋಡೆಯಲ್ಲಿ ಮೊಳೆಯೊಂದೇ ಉಳಿದಿತ್ತು. ಅದರ ತಲೆಯ ಮೇಲೆ ಕೆಂಪು ಗುರುತು.

"ರಕ್ತವೇ?" ನೋರಾ ಕೇಳಿದರು.

ಜ್ಯೋತ್ಸ್ನಾ ಕುರ್ಚಿ ಹತ್ತಿ ನೋಡಿದಳು. ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. "ಅಲ್ಲ ಮೇಡಂ. ಯಾರೋ ಮೊಳೆಗೆ ತಪ್ಪಾಯ್ತು ಅಂತ ಹೇಳಿ ಹೋಗಿದ್ದಾರೆ. ಕಳ್ಳರು ಬೊಟ್ಟು ಇಡಲ್ಲ."

ಬ್ರೆಂಡನ್ ಚಿತ್ರದ ಫೋಟೊ ತೋರಿಸಿದ. ಅರ್ಧ ಕೆಡವಿದ ಮನೆ. ಮಹಡಿಯ ಅಂಚಿನಲ್ಲಿ ಖಾಲಿ ತೊಟ್ಟಿಲು. ಬಸುರಿಯ ಕುರ್ಚಿ ಇದ್ದದ್ದು ಅದರ ಎದುರಿಗೇ.

"ನಿನ್ನೆ ಎಲ್ಲರಿಗಿಂತ ಮೊದಲು ಬಂದೋರು ಯಾರು?" ಜ್ಯೋತ್ಸ್ನಾ ಗುರುದತ್‌ನನ್ನು ಕೇಳಿದಳು.

"ನಮ್ಮತ್ತೆ. ರಂಗೋಲಿ ಹಾಕೋಕೆ..." ಗುರುದತ್ ಅರ್ಧಕ್ಕೇ ನಿಲ್ಲಿಸಿದ.

ಮನೆಯಲ್ಲಿ ಅತ್ತೆ ಚನ್ನಮ್ಮ ತಾವೇ ಬೀರು ತೆರೆದರು. ರೇಷ್ಮೆ ಸೀರೆಯಲ್ಲಿ ಸುತ್ತಿದ್ದ ಚಿತ್ರ ಕೊಟ್ಟು ಎರಡೂ ಕೈ ಮುಂದೆ ಚಾಚಿದರು.

"ಬೇಡಿ ಹಾಕವ್ವ. ಅಳಿಯಂದ್ರಿಗೆ ಏನೂ ಗೊತ್ತಿಲ್ಲ."

"ಯಾಕಮ್ಮ ತೆಗೆದ್ರಿ?"

"ಹೋದ್ ವರ್ಷ ನನ್ ಮಗಳು ಗೀತಂಗೆ ಐದು ತಿಂಗಳಿಗೇ ಬಸುರು ಹೋಯ್ತು. ಈ ಸಲ ಎದುರಿಗೇ ಬೀಳೋ ಮನೆ, ಬರೀ ತೊಟ್ಟಿಲು. ಹೆಂಗ್ ಕೂರಿಸ್ಲಿ ಮಗಳ್ನ? ಹೆರಿಗೆ ಆದ್ಮೇಲೆ ನಾನೇ ತಂದು ನೇತಾಕ್ತಿದ್ದೆ."

ಮಧ್ಯಾಹ್ನ ಎರಡಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಠಾಣೆಯಲ್ಲಿ ಬ್ರೆಂಡನ್ ಚಿತ್ರವನ್ನು ಬೆಳಕಿಗೆ ಹಿಡಿದ. "ಗ್ರ್ಯಾಂಡ್! ಒಂದು ಗೆರೆಯೂ ಮಾಸಿಲ್ಲ. ಕೇಸ್ ಬೇಡ." ನೋರಾ ಎಚ್ಚರಿಕೆ ಕೊಟ್ಟು ಬಿಡುಗಡೆ ಬರೆದರು, ಗುರುದತ್ ಗೋಡೆಗೊರಗಿ ಉಸಿರು ಬಿಟ್ಟ.

ಜ್ಯೋತ್ಸ್ನಾ ಚಿತ್ರದ ಕೆಳಮೂಲೆಗೆ ಬೆರಳಿಟ್ಟಳು. "ಕನ್ನಡಕ ಹಾಕ್ಕೊಂಡು ನೋಡಿ, ಅಮ್ಮ."

ಬೀದಿಯಲ್ಲಿ ಸಾಮಾನು ಹೇರಿದ ಗಾಡಿ. ಮೂಟೆಗಳ ಮೇಲೆ ಉಗುರಿನಷ್ಟು ಹೆಂಗಸು, ಮಡಿಲಲ್ಲಿ ಎಳ್ಳಿನಷ್ಟು ಮುಖ.

ಚನ್ನಮ್ಮ ಬಹಳ ಹೊತ್ತು ಬಗ್ಗಿ ನೋಡಿದರು.

"ಅಯ್ಯೋ, ಕೂಸು ಹೊರಗೈತೆ!" ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಗೀತಂಗೆ ಒಂದ್ ಫೋನ್ ಹಚ್ಚಿಕೊಡವ್ವ. ಹೇಳ್ಬೇಕು."