ಯಂತ್ರಕ್ಕೆ ಹೊದಿಸಿದ ಕಂಬಳಿ

ಅರ್ಧ ಟನ್ ತೂಗುವ ಕರಿಯ ಪೀಪಾಯಿಯನ್ನು ನಾವಿಕರು ಬಂಡೆಯ ಮೇಲೆ ಇಳಿಸಿದಾಗ ಕ್ಲಾವ್ದಿಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇವಳೇನಾ ನನ್ನ ಸವತಿ?"

ಪೀಪಾಯಿಯ ಜೊತೆ ಬಂದಿದ್ದ ಎಂಜಿನಿಯರ್ ರೊದಿಯೊನ್ ಕನ್ನಡಕ ಒರೆಸಿಕೊಂಡ. "ಜನರೇಟರ್. ಎಣ್ಣೆ ಬೇಡ, ಬತ್ತಿ ಬೇಡ. ಹತ್ತು ವರ್ಷ ದೀಪ ಉರಿಸುತ್ತೆ."

"ಊಟಾನೂ ಕೇಳಲ್ವಾ? ಹಾಗಾದ್ರೆ ನನಗಿಂತ ಒಳ್ಳೆಯವಳೇ."

ಬಿಳಿ ಸಮುದ್ರದ ಆ ದೀಪಸ್ತಂಭವನ್ನು ಅವಳ ಅಜ್ಜ ಕಾಯ್ದಿದ್ದ, ಅಪ್ಪ ಕಾಯ್ದಿದ್ದ, ಹನ್ನೊಂದು ವರ್ಷದಿಂದ ಅವಳೊಬ್ಬಳೇ ಕಾಯುತ್ತಿದ್ದಳು. ಯಂತ್ರ ಸರಿಯಾಗಿ ನಡೆದರೆ ವಾರ ಬಿಟ್ಟು ಬರುವ ಹಡಗಿನಲ್ಲಿ ಅವಳು ಹೊರಡಬೇಕು. ಕೆಟ್ಟರೆ ಯಂತ್ರ ಹಡಗು ಹತ್ತುತ್ತದೆ, ಅವಳು ಉಳಿಯುತ್ತಾಳೆ.

"ಒಳಗಿರೋದು ವಿಕಿರಣದ ಲೋಹ, ತಾನಾಗೇ ಕಾದಿರುತ್ತೆ" ಅಂದ ರೊದಿಯೊನ್. "ಸುತ್ತ ದಪ್ಪ ಗೋಡೆ ಇದೆ. ಆದ್ರೂ ಐದು ಹೆಜ್ಜೆ ದೂರಾನೇ ಇರಿ, ಕ್ಲಾವ್ದಿಯಾ ಯೆರ್ಮೊಲಾಯೆವ್ನಾ."

"ನನ್ನ ಹೆಸರು ನೀವು ಹೇಳಿ ಮುಗಿಸೋದ್ರೊಳಗೆ ಚಹಾ ಆರುತ್ತೆ. ಒಳಗೆ ಬನ್ನಿ."

ಅವನು ಒಳಗೆ ಬಂದ. ಅವಳು ಹಿಟ್ಟಿನೊಳಗೆ ಕಾಡ್ ಮೀನು ತುಂಬಿ ಬೇಯಿಸಿದ ಪೈ ಮೂರು ತುಂಡು ತಿಂದ. ನಾಲ್ಕನೆಯದನ್ನು ಕಣ್ಣಲ್ಲೇ ತಿನ್ನುತ್ತಿದ್ದುದನ್ನು ಕಂಡು ಅವಳು ತಟ್ಟೆಯನ್ನು ಅವನತ್ತ ತಳ್ಳಿದಳು. ಅವನ ಕಿವಿ ಕೆಂಪಾಯಿತು. ಮರುದಿನದಿಂದ ಅವಳು ಪೈ ದೊಡ್ಡದಾಗಿಯೇ ಮಾಡಿದಳು. ಅವನು ಹೇಳಿಸಿಕೊಳ್ಳದೆ ಸೌದೆ ಒಡೆದು ಒಲೆಯ ಪಕ್ಕ ಜೋಡಿಸಿಟ್ಟ.

ನಾಲ್ಕನೆಯ ದಿನ ಹಿಮಗಾಳಿ ಎದ್ದಿತು. ಅವನು ಗೋಪುರದ ಮೇಲೆ ತಂತಿ ಬಿಗಿಯುತ್ತಿದ್ದ. ಇಂಥ ಗಾಳಿಗೆ ಅಪ್ಪ ಎಣ್ಣೆಯ ತೊಟ್ಟಿಗೆ ಕಂಬಳಿ ಸುತ್ತುತ್ತಿದ್ದ. ಸವತಿಯಾದರೇನು, ಚಳಿಯಲ್ಲಿ ಹೇಗೆ ಬಿಡುವುದು ಎಂದು ಕ್ಲಾವ್ದಿಯಾ ಯಂತ್ರಕ್ಕೂ ದಪ್ಪ ಕಂಬಳಿ ಸುತ್ತಿ, ಹಗ್ಗ ಬಿಗಿದು ಬಂದಳು. ಕಂಬಳಿ ಕಾಣದಂತೆ ಅದರ ಮೇಲೆ ಹಿಮ ಮುಚ್ಚಿತು.

ಬೆಳಿಗ್ಗೆ, ಯಂತ್ರದಿಂದ ಉರಿಯುತ್ತಿದ್ದ ದೀಪ ಮಂಕಾಗಿತ್ತು. ಗೋಪುರದ ಮೀಟರಿನ ಮುಳ್ಳು ಅರ್ಧಕ್ಕೆ ಇಳಿದಿತ್ತು. ತಂತಿಗಳನ್ನೆಲ್ಲ ಬಿಚ್ಚಿ ನೋಡಿ, ಮಧ್ಯಾಹ್ನದ ಹೊತ್ತಿಗೆ ರೊದಿಯೊನ್ ಸೋತು ಮೇಜಿನ ಮುಂದೆ ಕೂತ.

"ಯಂತ್ರ ವಾಪಸ್ ಅಂತ ಬರೀತಿದ್ದೀನಿ. ಕಟ್ಟಿದವನು ನಾನೇ, ತಪ್ಪೂ ನಂದೇ. ಇನ್ನು ಯಾವ ಯಂತ್ರಾನೂ ನನ್ನ ಕೈಗೆ ಕೊಡಲ್ಲ." ಆಮೇಲೆ ತಲೆ ಎತ್ತದೆ, "ನೀವಂತೂ ಉಳ್ಕೋತೀರಿ. ಒಳ್ಳೇದೇ ಆಯ್ತು" ಅಂದ.

ಕ್ಲಾವ್ದಿಯಾಳ ಎದೆಯಲ್ಲಿ ಎದ್ದ ಖುಷಿ ಅವನ ಮುಖ ನೋಡಿದೊಡನೆ ಕುಸಿಯಿತು. "ಯಂತ್ರ ಅಷ್ಟು ಬಿಸಿ ಇರುವಾಗ ಕರೆಂಟ್ ಯಾಕೆ ಬರಲ್ಲ?"

ಅವನು ಅವಳ ಒಂದು ಕೈಯನ್ನು ಬಿಸಿ ಚಹಾದ ಲೋಟಕ್ಕೆ ಮುಟ್ಟಿಸಿದ, ಇನ್ನೊಂದನ್ನು ಹಿಮಗಟ್ಟಿದ ಕಿಟಕಿಯ ಗಾಜಿಗೆ. "ಬರೀ ಬಿಸಿ ಸಾಲದು. ಒಳಗೆ ಸುಡಬೇಕು, ಹೊರಗೆ ಕೊರೀಬೇಕು. ಆ ಎರಡರ ಅಂತರಾನೇ ಕರೆಂಟ್. ಹೊರಗೂ ಬೆಚ್ಚಗಾದ್ರೆ..."

ಅವನು ಕೈ ಬಿಡುವುದನ್ನು ಮರೆತಿದ್ದ. ಅವಳು ನೆನಪಿಸಲಿಲ್ಲ.

ಸುಮ್ಮನಿದ್ದರೆ ದೀಪ ತನ್ನದೇ. ಇವನು ತಲೆ ತಗ್ಗಿಸಿಕೊಂಡು ಹಡಗು ಹತ್ತುತ್ತಾನೆ, ಮತ್ತೆ ಬರುವುದಿಲ್ಲ. ಅವಳು ಹೆಚ್ಚು ಯೋಚಿಸಬೇಕಾಗಲಿಲ್ಲ.

"ಬರೆಯೋದು ನಿಲ್ಲಿಸಿ. ನಿಮ್ಮ ಯಂತ್ರ ಕಂಬಳಿ ಹೊದ್ದು ಮಲಗಿದೆ. ಹೊದಿಸಿದ್ದು ನಾನೇ."

ರೊದಿಯೊನ್ ಬಿಳಿಚಿಕೊಂಡ. "ಹತ್ತಿರ ಎಷ್ಟು ಹೊತ್ತಿದ್ರಿ?"

"ಒಂದು ಮೊಟ್ಟೆ ಬೇಯೋಷ್ಟು."

ಅವನು ಬೆರಳು ಮಡಚಿ ಲೆಕ್ಕ ಹಾಕಿದ, ಮತ್ತೊಮ್ಮೆ ಹಾಕಿದ, ಆಮೇಲೆ ಉಸಿರು ಬಿಟ್ಟ. "ಏನೂ ಆಗಲ್ಲ. ಇನ್ನೊಂದ್ಸಲ ಮಾತ್ರ ಹೋಗ್ಬೇಡಿ."

"ಯಂತ್ರ ಹೇಗಿದೆ ಅಂತ ಕೇಳಲೇ ಇಲ್ಲ ನೀವು."

"ಅದು ಹಾಳಾಗಿ ಹೋಗಲಿ" ಅಂದವನು, ತಾನೇನು ಹೇಳಿದೆ ಎಂದು ತಿಳಿದು ಮತ್ತೆ ಕಿವಿ ಕೆಂಪಗೆ ಮಾಡಿಕೊಂಡ.

ಉದ್ದದ ಕೊಕ್ಕೆಯಿಂದ ಅವನು ಕಂಬಳಿ ಎಳೆದು ತೆಗೆದ. ಸಂಜೆಯ ಹೊತ್ತಿಗೆ ಮುಳ್ಳು ಮೇಲೇರಿ ನಿಂತಿತು. ಕ್ಲಾವ್ದಿಯಾ ದಿನಚರಿ ಪುಸ್ತಕದಲ್ಲಿ ಎಂದಿನಂತೆ ಬರೆದಳು: ದೀಪ ಚೆನ್ನಾಗಿ ಉರಿಯುತ್ತಿದೆ. ಕಣ್ಣು ತುಂಬಿತು, ಅಕ್ಷರ ಮಾತ್ರ ಅಲುಗಲಿಲ್ಲ.

ಹಡಗು ಬಂದ ದಿನ ಅವಳು ಹಿರಿಯರ ಪದ್ಧತಿಯಂತೆ ಹೊರಡುವ ಮುಂಚೆ ಟ್ರಂಕಿನ ಮೇಲೆ ಒಂದು ಗಳಿಗೆ ಕೂತಳು. ಪಕ್ಕದಲ್ಲಿ ಜಾಗ ಬಿಟ್ಟಿದ್ದಳು. ಅವನು ಬಂದು ಕೂತ.

"ಕ್ಲಾವ್ದಿಯಾ ಯೆರ್ಮೊ..."

"ಶ್. ಪ್ರಯಾಣಕ್ಕೆ ಮುಂಚೆ ಕೂತಾಗ ಮಾತಾಡಬಾರದು."

ಅವನ ಕೈ ಮಂಜುಗಡ್ಡೆಯಂತಿತ್ತು, ಅವಳದು ಒಲೆಯಿಂದ ಆಗಷ್ಟೇ ಬಂದದ್ದು. ಹಾಗೇ ಹಿಡಿದುಕೊಂಡಳು. ಆ ಮೌನ ಪದ್ಧತಿಗಿಂತ ತುಂಬಾ ಉದ್ದವಾಯಿತು. ಹಡಗು ಎರಡು ಸಲ ಕೂಗಿತು.

"ಈಗ ಹೇಳಿ."

"ಪ್ರತಿ ಬೇಸಿಗೆ ನಾನು ಈ ಯಂತ್ರ ನೋಡೋಕೆ ಬರಬೇಕು. ನಿಮ್ಮನ್ನ ಬಿಟ್ಟು ಬರೋಕೆ ನನಗೆ ಆಗಲ್ಲ. ಮದುವೆ ಆಗ್ತೀರಾ?"

"ಆಗ್ತೀನಿ. ಆದ್ರೆ ಬಂದಾಗೆಲ್ಲ ದೀಪದ ಗಾಜು ಒರೆಸೋದು ನಾನೇ. ನೀವು ಕನ್ನಡಕ ಒರೆಸೋದನ್ನ ನೋಡಿದ್ದೀನಿ, ಅದು ಯಾವತ್ತೂ ಸ್ವಚ್ಛ ಆಗಿಲ್ಲ."

ಹಡಗಿನ ಡೆಕ್ಕಿನ ಮೇಲೆ ಗಾಳಿ ಕೊರೆಯುತ್ತಿತ್ತು. ಕ್ಲಾವ್ದಿಯಾ ಅದೇ ಕಂಬಳಿಯನ್ನು ಬಿಡಿಸಿ ಇಬ್ಬರ ಹೆಗಲಿಗೂ ಸುತ್ತಿದಳು.

"ಈ ಸಲ ಸರಿಯಾದ ಕಡೆ ಹೊದಿಸಿದ್ದೀನಾ, ಎಂಜಿನಿಯರ್ ಸಾಹೇಬ್ರೇ?"

ಅವನು ಇನ್ನಷ್ಟು ಹತ್ತಿರ ಸರಿದ. ಹಿಂದೆ, ಬಂಡೆಯ ಮೇಲೆ, ದೀಪ ಮಿನುಗಿತು. ಅವಳು ಅಭ್ಯಾಸದಂತೆ ಸೆಕೆಂಡು ಎಣಿಸಿದಳು. ಎಂದಿನಂತೆ ಆರನೆಯದಕ್ಕೆ ಸರಿಯಾಗಿ ಮತ್ತೆ ಮಿನುಗಿತು.