ಐವತ್ನಾಲ್ಕು ಮಿಲಿಮೀಟರ್

ನಾನು ಪ್ರೀತಿಸಿದ ಹುಡುಗಿಯ ಬೆರಳಿನ ಅಳತೆ ನನಗೆ ಸಿಕ್ಕಿದ್ದು ಸತ್ತವನೊಬ್ಬನ ಕೈಬರಹದಲ್ಲಿ. ಅದು ಬೆರಳು ಅಂತ ಹೊಳೆಯದೆ ನಾನು ಟ್ಯಾಂಕ್ ಅಂದುಕೊಂಡೆ. ಇಂಥ ದಡ್ಡತನ ನಮ್ಮಂಥ ಡ್ರಾಯಿಂಗ್ ಆಫೀಸಿನವರಿಗೆ ಮಾತ್ರ ಸಾಧ್ಯ.

2003ರ ಡಿಸೆಂಬರ್. ಅಹಮದಾಬಾದಿನ ವಟ್ವಾದಲ್ಲಿ ಬಣ್ಣದ ಕಾರ್ಖಾನೆಗಳಿಗೆ ಸ್ಟೀಲ್ ಟ್ಯಾಂಕ್ ಮಾಡಿಕೊಡುವ ಕಂಪನಿ ನಮ್ಮದು. ಡ್ರಾಯಿಂಗ್ ಬರೆಯುವವನು ನಾನು, ಮೈಸೂರಿನ ನಂಜುಂಡ. ಅದನ್ನು ಚೆಕ್ ಮಾಡುವವಳು ತುಮಕೂರಿನ ಮಂದಾಕಿನಿ. ನಾನು ಕೂರುತ್ತಿದ್ದ ಸ್ಟೂಲು ಮೊದಲು ರಾಮಕೃಷ್ಣನದು. 2001ರ ಜನವರಿ 26ರ ಭೂಕಂಪದಲ್ಲಿ ಅವನಿದ್ದ ಫ್ಲ್ಯಾಟ್ ಕುಸಿದು ಅವನು ಸತ್ತ. ಅವನ ಬಗ್ಗೆ ಆಫೀಸಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಆದರೆ ಅವನು ಪೂರ್ತಿ ಹೋಗಿರಲಿಲ್ಲ. ಅವನ ಡೈರಿ ನೋಡಿಯೇ ನಾನು ಕೆಲಸ ಕಲಿತೆ. ವ್ಯಾಸವನ್ನು 3.14ರಿಂದ ಗುಣಿಸಿದರೆ ಸುತ್ತಳತೆ. ಅಷ್ಟುದ್ದದ ಪ್ಲೇಟ್ ಕತ್ತರಿಸಿ ಸುತ್ತಿ ಬೆಸೆದರೆ ಟ್ಯಾಂಕ್. ಪ್ರತಿ ಲೆಕ್ಕದ ಕೊನೆಗೆ ಅವನದೊಂದು '+2'. ಬೆಸುಗೆ ಆರುವಾಗ ಲೋಹ ಕುಗ್ಗುತ್ತದೆ, ಅದಕ್ಕೆ ಎರಡು ಮಿಲಿಮೀಟರ್ ಅಲೋಯನ್ಸ್. ನಾನೂ ಹಾಗೆಯೇ ಬರೆಯುತ್ತಿದ್ದೆ.

ಯೋಚಿಸುವಾಗ ಪೆನ್ಸಿಲ್ಲನ್ನು ಮೇಜಿಗೆ ತಟ್ಟುವುದು ನನ್ನ ಚಾಳಿ. ತಟ್ಟಿದಾಗೆಲ್ಲ ಮಂದಾಕಿನಿ ತಲೆಯೆತ್ತುತ್ತಿದ್ದಳು. ಕಣ್ಣಲ್ಲೊಂದು ಬೆಳಕು, ನನ್ನನ್ನು ನೋಡಿದ ಮೇಲೆ ಅದು ಆರಿಹೋಗುತ್ತಿತ್ತು. ಆ ಒಂದು ಕ್ಷಣಕ್ಕಾಗಿ ನಾನು ಯೋಚನೆಯಿಲ್ಲದಾಗಲೂ ತಟ್ಟುತ್ತಿದ್ದೆ.

ಸೂರತ್ತಿನ ಉಧ್ನಾ ಶಾಖೆಗೆ ಹೋಗ್ತೀಯಾ ಅಂತ ಮ್ಯಾನೇಜರ್ ಕೇಳಿದ್ದರು; ಶನಿವಾರ ಉತ್ತರ ಕೊಡಬೇಕಿತ್ತು. ಅದಕ್ಕೆ ಮುಂಚೆ ಅವಳಿಗೆ ನನ್ನ ಮನಸ್ಸು ಹೇಳಬೇಕು ಅಂತ ಮೂರು ವಾರದಿಂದ ಕನ್ನಡಿಯೆದುರು ತಾಲೀಮು ನಡೆಸಿದ್ದೆ.

ಶುಕ್ರವಾರ ಊಟದ ಹೊತ್ತಿಗೆ ಡೈರಿಯ ಕೊನೆಯ ಪುಟದಲ್ಲಿ ಆ ಲೆಕ್ಕ ಕಂಡಿತು: 54 ÷ 3.14 = 17.2.

"ಮೇಡಂ, ಹದಿನೇಳು ಮಿಲಿಮೀಟರ್ ವ್ಯಾಸದ ಟ್ಯಾಂಕ್ ಯಾರಿಗೆ ಮಾಡಿದ್ರು ಇವರು? ಇರುವೆಗಳಿಗಾ?"

ಕೈಯಲ್ಲಿದ್ದ ಥೇಪ್ಲಾ ರೊಟ್ಟಿಯನ್ನು ಅವಳು ಡಬ್ಬಿಗೆ ವಾಪಸ್ ಇಟ್ಟಳು.

"ಅದರಲ್ಲಿ ಪ್ಲಸ್ ಎರಡು ಇಲ್ಲ, ಅಲ್ವಾ?"

"ಇಲ್ಲ."

"ಬೆರಳು ಬೆಸುಗೆಯಲ್ಲ, ಕುಗ್ಗಲ್ಲ ಅಂದಿದ್ರು." ಉಂಗುರದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. "ದಾರ ಸುತ್ತಿ ಅಳತೆ ತಗೊಂಡಿದ್ರು. ಮುಂದಿನ ವಾರ ಅಕ್ಕಸಾಲಿಗನ ಹತ್ರ ಹೋಗೋಣ ಅಂದಿದ್ರು."

ಮುಂದಿನ ವಾರ ಬಂದಿರಲಿಲ್ಲ. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆ ಕಣ್ಣಿನ ಬೆಳಕು ಯಾರಿಗಿತ್ತು ಅಂತಲೂ ಅರ್ಥವಾಯಿತು.

ಶನಿವಾರ ಬೆಳಿಗ್ಗೆ ಡೈರಿಯನ್ನು ಅವಳ ಮೇಜಿನ ಮೇಲಿಟ್ಟೆ. "ಇದು ನಿಮ್ಮ ಹತ್ರ ಇರಬೇಕಾದ್ದು."

"ಉಧ್ನಾಗೆ ಹೋಗ್ತಿದೀರಂತೆ?"

"ಹ್ಞೂಂ. ನಿಮ್ಮ ಮೇಲೆ ಆಸೆ ಇಟ್ಕೊಂಡು ಅವರ ಸ್ಟೂಲಲ್ಲಿ ಕೂರೋಕೆ ಆಗ್ತಿಲ್ಲ. ಪೆನ್ಸಿಲ್ ತಟ್ಟೋದು ನಾನು, ನೀವು ನೋಡೋದು ಅವರನ್ನ."

ತಾಲೀಮು ಮಾಡಿದ ಒಂದು ಸಾಲೂ ಇದರಲ್ಲಿರಲಿಲ್ಲ. ಅವಳು ಡೈರಿಯ ಕೊನೆಯ ಪುಟ ತೆರೆದಳು.

"ಮೊದಮೊದಲು ಹೌದು," ಅಂದಳು. "ಅವರೂ ಹಾಗೇ ತಟ್ತಿದ್ರು. ಈಗ ತಟ್ಟಿದ್ದು ನೀವು ಅಂತ ಗೊತ್ತಿದ್ದೇ ತಲೆ ಎತ್ತೋದು. ಖುಷಿ ಆಗುತ್ತೆ. ಆಮೇಲೆ ಅವರು ನೆನಪಾಗ್ತಾರೆ, ನನ್ನ ಮೇಲೇ ನನಗೆ ನಾಚಿಕೆ ಆಗುತ್ತೆ."

ದುಪಟ್ಟಾದ ಅಂಚಿನಿಂದ ಒಂದು ಎಳೆ ಕಿತ್ತು ನನಗೆ ಕೊಟ್ಟಳು. ಕೈ ಚಾಚಿದಳು. "ಅಳೀರಿ."

ಹತ್ತು ಅಡಿ ಟ್ಯಾಂಕುಗಳನ್ನು ಅಳೆದವನು ಆ ಬೆರಳಿಗೆ ಎಳೆಯನ್ನು ಒಂದು ಸುತ್ತು ಸುತ್ತಿದೆ. ದಾರವನ್ನು ಸ್ಕೇಲಿನ ಮೇಲೆ ಎಳೆದು ಹಿಡಿದೆ.

"ಐವತ್ತೆರಡು."

"ಕುಗ್ಗಿದೆ," ಅಂದಳು. ಕಣ್ಣು ತುಂಬಿತ್ತು. "ಕುಗ್ಗಲ್ಲ ಅಂದಿದ್ರಲ್ಲ."

"ಉಂಗುರಕ್ಕೆ ಎಷ್ಟು ಬರೀಲಿ?"

"ಅಲೋಯನ್ಸ್ ಸೇರಿಸಿ. ಆ ಎರಡು ಮಿಲಿಮೀಟರ್ ಯಾವಾಗ್ಲೂ ಅವರದೇ. ಅದು ಒಪ್ಪಿಗೆನಾ ನಿಮಗೆ?"

ಅವನ ಲೆಕ್ಕದ ಕೆಳಗೇ ಬರೆದೆ: 52 + 2 = 54. ಒಂದೇ ಪುಟದಲ್ಲಿ, ಒಂದರ ಕೆಳಗೊಂದು, ಎರಡು ಐವತ್ನಾಲ್ಕು. ಆಮೇಲೆ ಉಧ್ನಾಗೆ ಹೋಗಲ್ಲ ಅಂತ ಹೇಳಲು ಮ್ಯಾನೇಜರ್ ಕೋಣೆಯ ಕಡೆ ಹೊರಟೆ.

ಬಾಗಿಲಲ್ಲಿದ್ದಾಗ ಹಿಂದೆ ಮೇಜಿಗೆ ಪೆನ್ಸಿಲ್ ತಟ್ಟಿದ ಸದ್ದಾಯಿತು. ಥಟ್ಟನೆ ತಿರುಗಿದೆ. ಪೆನ್ಸಿಲ್ ಮಂದಾಕಿನಿಯ ಕೈಯಲ್ಲಿತ್ತು. ನನ್ನನ್ನೇ ನೋಡುತ್ತಿದ್ದಳು, ಕಣ್ಣಿನ ಬೆಳಕು ಆರಲಿಲ್ಲ.