ಉಲ್ಯಾನಾ ಹೇಳದ ಜಾಡಿ

"ಅಲ್ಲಾಡ್ಬೇಡ ಮರಿ. ಕುಂಡಿಗೆ ಇರುವೆ ಕಚ್ತಾ?" ಎಂದರು ಡಾಕ್ಟರಮ್ಮ.

ಸಾಲಿನಲ್ಲಿದ್ದ ಮಕ್ಕಳು ನಕ್ಕರು. ಯಾಸ್ ಕುರ್ಚಿಯಲ್ಲಿ ಕಲ್ಲಿನಂತೆ ಕೂತ. ಅಣುಸ್ಥಾವರ ಸಿಡಿದ ಮೇಲೆ ಪ್ರತಿ ಶರತ್ಕಾಲದಲ್ಲೂ ಅಳೆಯುವ ವ್ಯಾನು ಶಾಲೆಗೆ ಬರುತ್ತದೆ. ಕುರ್ಚಿಯಲ್ಲಿ ಕೂತವರ ಮೈಯಲ್ಲಿ ಎಷ್ಟು ರೇಡಿಯೇಶನ್ ಇದೆ ಎಂದು ಮಶೀನು ಹೇಳುತ್ತದೆ.

ಚೀಟಿ ಹೊರಬಂತು. ಡಾಕ್ಟರಮ್ಮನ ನಗು ಹೋಯಿತು.

"ನೂರ ಎಂಬತ್ತು! ಹೋದ ವರ್ಷ ಇಪ್ಪತ್ತೆಂಟಿತ್ತಲ್ಲ. ತೆಕ್ಲಜ್ಜಿ, ಮಗೂಗೆ ಏನು ತಿನ್ನಿಸ್ತಿದೀರಿ?"

"ಆಲೂಗೆಡ್ಡೆ, ಗಂಜಿ, ನಮ್ಮ ಹಸು ಜೋರ್ಕಾಳ ಹಾಲು" ಎಂದಳು ಅಜ್ಜಿ. "ಅಣಬೆ ತಂದ್ರೂ ಮೂರು ಸಲ ಉಪ್ಪುನೀರಲ್ಲಿ ಕುದಿಸಿ ಚೆಲ್ತೀನಿ. ಅದನ್ನೂ ಮಕ್ಕಳಿಗೆ ಕೊಡಲ್ಲ."

"ಹಾಗಾದ್ರೆ ಹಾಲೇ ಇರ್ಬೇಕು. ಇವತ್ತಿಂದ ನಿಲ್ಲಿಸಿ."

"ನಮ್ಮ ಹಸು ಕಾಡಿನ ಕಡೆ ಮುಖಾನೂ ಹಾಕಲ್ಲಮ್ಮಾ!"

ಯಾಸ್‌ನ ಅಕ್ಕ ಉಲ್ಯಾನಾ ಬಾಗಿಲ ಬಳಿ ನಿಂತು ಎಲ್ಲ ಕೇಳುತ್ತಿದ್ದಳು.

ಬೇಸಿಗೆಯಲ್ಲಿ ಅವಳು ರೇಡಿಯೇಶನ್ ಇದೆಯೆಂದು ಎಚ್ಚರಿಸುವ ಹಳದಿ ಬೋರ್ಡು ದಾಟಿ ಕಾಡಿಗೆ ಹೋಗಿದ್ದಳು. ನೀಲಿ ಕಾಡುಹಣ್ಣು ಕಿತ್ತು ತಂದು, ಸಕ್ಕರೆ ಹಾಕಿ ಅರೆದು, ಜಾಡಿಗೆ ತುಂಬಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದಳು. ತಮ್ಮ ಯಾಸ್ ಕಡ್ಡಿಯಂತಿದ್ದ, ಗಂಜಿ ಮುಟ್ಟುತ್ತಿರಲಿಲ್ಲ. ಅಮ್ಮ ಬೆಳಗಿನ ಜಾವವೇ ಬೇಕರಿ ಕೆಲಸಕ್ಕೆ ಹೊರಟುಬಿಡುತ್ತಿದ್ದಳು, ಅಜ್ಜಿ ಕೊಟ್ಟಿಗೆಯಲ್ಲಿರುತ್ತಿದ್ದಳು. ಒಂದು ಚಮಚ ಹಣ್ಣು ಬೆರೆಸಿಕೊಟ್ಟರೆ ಅವನು ಬಟ್ಟಲು ನೆಕ್ಕುತ್ತಿದ್ದ.

ಆದರೆ ಹಣ್ಣನ್ನು ಅವಳು ಇಡೀ ರಾತ್ರಿ ಉಪ್ಪುನೀರಲ್ಲಿ ನೆನೆಸಿದ್ದಳಲ್ಲ! ಅಜ್ಜಿ ಅಣಬೆಗೆ ಉಪ್ಪು ಹಾಕುವ ಹಾಗೆಯೇ. ರೇಡಿಯೇಶನ್ ಎಲ್ಲ ಹೋಗಿರಬೇಕು. ಹೋಗಿರಲೇಬೇಕು.

ಯಾಸ್ ಅವಳನ್ನೇ ನೋಡುತ್ತಿದ್ದ. ತುಟಿ ಬಿಗಿ ಹಿಡಿದಿದ್ದ. ಗುಟ್ಟು ಹೇಳುವುದಿಲ್ಲ ಎಂದು ಆಣೆ ಮಾಡಿದ್ದ.

ಸುಮ್ಮನಿದ್ದರೆ ಹಾಲು ನಿಲ್ಲುತ್ತದೆ. ನಾಳೆ ಬೆಳಿಗ್ಗೆ ಅವನು ಹಣ್ಣಿಗಾಗಿ ಮತ್ತೆ ಚಮಚ ಹಿಡಿದು ಕೂರುತ್ತಾನೆ.

ಉಲ್ಯಾನಾ ಮನೆಗೆ ಓಡಿದಳು. ಜಾಡಿಯನ್ನು ಕೋಟಿನೊಳಗೆ ಅವುಚಿಕೊಂಡು ಬಂದಾಗ ವ್ಯಾನಿಗೆ ಸಾಮಾನು ತುಂಬುತ್ತಿದ್ದರು.

"ಇದನ್ನ... ಇದನ್ನೂ ನೋಡ್ತೀರಾ?"

ಅಜ್ಜಿ ಜಾಡಿ ನೋಡಿದಳು, ಮೊಮ್ಮಗಳನ್ನು ನೋಡಿದಳು.

ಡಾಕ್ಟರಮ್ಮ ಹಣ್ಣನ್ನು ಅಳೆಯುವ ಡಬ್ಬಿಗೆ ಸುರಿದು ಮುಚ್ಚಿದರು. ಹತ್ತು ನಿಮಿಷ. ಯಾರೂ ಕೂರಲಿಲ್ಲ.

"ಎರಡು ಸಾವಿರದ ಮುನ್ನೂರು" ಎಂದರು ಕೊನೆಗೆ.

"ಉಪ್ಪುನೀರಲ್ಲಿ ನೆನೆಸಿದ್ದೆ" ಎಂದಳು ಉಲ್ಯಾನಾ.

"ಇಡೀ ಹಣ್ಣನ್ನ ನೆನೆಸಿದ್ರೆ ಒಳಗಿರೋದು ಹೋಗಲ್ಲಮ್ಮ. ನೀನೂ ತಿಂದ್ಯಾ?"

"ಇಲ್ಲ. ಅವನಿಗೇ ಸಾಲಲ್ಲ ಅಂತ..."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಇನ್ನು ಕೊಡ್ಬೇಡ. ಹಾಲು ನಿಲ್ಲಿಸೋದು ಬೇಡ. ಮಕ್ಕಳ ಮೈಯಿಂದ ಬೇಗ ಇಳಿಯತ್ತೆ. ಚಳಿಗಾಲ ಕಳೀಲಿ, ಮತ್ತೆ ಅಳೆಯೋಣ."

ಮರುದಿನ ಬೆಳಿಗ್ಗೆ ಯಾಸ್ ಗಂಜಿಯ ಬಟ್ಟಲು ತಳ್ಳಿದ.

"ಹಣ್ಣು?"

ಮುಗಿದುಹೋಯಿತು ಎನ್ನಬಹುದಿತ್ತು. "ನಾನೇ ಕೊಡಲ್ಲ" ಎಂದಳು ಉಲ್ಯಾನಾ.

"ನಾನು ಯಾರಿಗೂ ಹೇಳ್ಲಿಲ್ಲ! ನೀನೇ ಹೇಳ್ಬಿಟ್ಟೆ! ಕೆಟ್ಟವಳು ನೀನು!" ಅವನು ಅವಳ ತೋಳಿಗೆ ಗುದ್ದಿದ. ಮತ್ತೊಮ್ಮೆ ಗುದ್ದಿದ.

ಅವಳು ಕೈ ಹಿಡಿಯಲಿಲ್ಲ. ಬಟ್ಟಲನ್ನು ಹತ್ತಿರ ಎಳೆದು, ಜೋರ್ಕಾಳ ಹಾಲು ಸುರಿದು, ಚಮಚ ಅವನ ಕಡೆ ಇಟ್ಟಳು.

ಅವನು ಬಿಕ್ಕುತ್ತಲೇ ಒಂದು ಚಮಚ ತಿಂದ. ಆಮೇಲೆ ಇನ್ನೊಂದು. ಶಾಲೆಗೆ ಹೊತ್ತಾಗುತ್ತಿತ್ತು. ಉಲ್ಯಾನಾ ಬಟ್ಟಲು ಬರಿದಾಗುವವರೆಗೂ ಎದುರಿಗೇ ಕೂತಿದ್ದಳು.